ಸಂಪ್‌ನಲ್ಲಿ ಶುದ್ಧ, ನಲ್ಲಿಯಲ್ಲಿ ಲೋಳೆ: ಮೇಡಂ ಜೊತೆ ಪ್ರಶ್ನೋತ್ತರ

ಶೈಲಜಾ: ಮೇಡಂ, ಬೆಂಗಳೂರಲ್ಲಿ 60 ಮನೆಯ ಅಪಾರ್ಟ್‌ಮೆಂಟ್. ಸಂಪ್‌ಗೆ ಬರೋ ಕಾವೇರಿ ನೀರಲ್ಲಿ ಕೋಲಿಫಾರ್ಮ್ ಇಲ್ಲ ಅಂತ ರಿಪೋರ್ಟ್. ಆದರೆ ಒಂದು ವಾರ ಊರಿಗೆ ಹೋಗಿ ಬಂದ್ರೆ ನಲ್ಲಿ ಜಾಲರಿ ಬೆರಳಿಗೆ ಜಾರುತ್ತೆ. ಯಾಕೆ?

ವಸುಧಾ (ನೀರಿನ ಲ್ಯಾಬ್): ಕೋಲಿಫಾರ್ಮ್ ಇಲ್ಲ ಅಂದ್ರೆ ಮಲದ ಸುಳಿವಿಲ್ಲ, ಅಷ್ಟೇ. ಬ್ಯಾಕ್ಟೀರಿಯಾ ಮತ್ತೆ ಬೆಳೆದು ಲೋಳೆ ಕಟ್ಟೋಕೆ ನೀರಲ್ಲಿ ಊಟ ಉಳಿದಿದೆಯಾ ಅಂತ ಆ ರಿಪೋರ್ಟ್ ಹೇಳಲ್ಲ. ಅದಕ್ಕೆ ಎಒಸಿ (ಬ್ಯಾಕ್ಟೀರಿಯಾ ಸುಲಭವಾಗಿ ತಿನ್ನೋ ಸಾವಯವ ಇಂಗಾಲ) ಪರೀಕ್ಷೆ ಇದೆ, 1982ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡೆರ್ ಕೂಯಿ ತಂಡದ್ದು. ನೀರನ್ನು ಬಿಸಿ ಮಾಡಿ ಇರೋ ಜೀವಿಗಳನ್ನು ಕೊಂದು, ಕ್ಲೋರಿನ್ ಇದ್ರೆ ಥಯೋಸಲ್ಫೇಟ್ ಹಾಕಿ ಅಳಿಸಿ, ಪಿ17, ನಾಕ್ಸ್ ಅನ್ನೋ ಎರಡು ಬ್ಯಾಕ್ಟೀರಿಯಾ ತಳಿ ಬಿಡ್ತೀವಿ. ಎಷ್ಟು ಬೆಳೆದವು ಅಂತ ಎಣಿಸಿದ್ರೆ ಊಟ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಮದುವೆ ಮನೆಯಲ್ಲಿ ಎದ್ದ ಎಲೆ ಎಣಿಸಿ ಅಕ್ಕಿ ಎಷ್ಟು ಬೆಂದಿತ್ತು ಅಂತ ಹೇಳೋ ಹಾಗೆ. ಬಾಟಲಿ ಒಳಗೆ ಬೆರಳು ತಾಗಿದ್ರೆ ಮಾತ್ರ ಬರೋದು ನಿಮ್ಮ ಬೆರಳಿನ ಲೆಕ್ಕ!

ಕ್ಲೋರಿನ್ ಉಳಿಸದೆ ಹಂಚೋ ನೆದರ್ಲೆಂಡ್ಸ್ ನೀರಿಗೆ ಎಒಸಿ ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಗುರಿ. ನಮ್ಮಲ್ಲಿ ಕ್ಲೋರಿನ್ ಕಾವಲಿದೆ, ಆದರೆ ನಿಂತ ನೀರಲ್ಲಿ ಅದು ಕಮ್ಮಿಯಾಗ್ತಾ ಹೋಗುತ್ತೆ. ಎಒಸಿ ಎಲ್ಲ ಲ್ಯಾಬಲ್ಲೂ ಮಾಡಲ್ಲ. ಮೊದಲು ಡಿಪಿಡಿ ಕಿಟ್ (ಕ್ಲೋರಿನ್ ಇದ್ರೆ ನೀರು ಗುಲಾಬಿ ಆಗುತ್ತೆ) ತಗೊಂಡು ಸಂಪ್, ಓವರ್‌ಹೆಡ್ ಟ್ಯಾಂಕ್, ಕೊನೆ ನಲ್ಲಿ ಮೂರೂ ಕಡೆ ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಗುಲಾಬಿ ಬಣ್ಣ ಎಲ್ಲಿ ಮಾಯವಾಗುತ್ತೋ ಅಲ್ಲಿಂದ ಹುಡುಕಿ.

ರಮೇಶ್: ಆರ್‌ಒ ಇದ್ರೆ ಸಾಕಲ್ವಾ?

ವಸುಧಾ: ಅದರ ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆಯುತ್ತೆ, ಆಮೇಲೆ ಆರ್‌ಒ ಟ್ಯಾಂಕಲ್ಲಿ ನಿಂತ ನೀರಿಗೆ ಕಾವಲಿಲ್ಲ. ಆ ಟ್ಯಾಂಕ್ ತೊಳೀರಿ.

ಗಿರೀಶ್: *ಫಾರ್ವರ್ಡ್* ಸಂಪ್‌ಗೆ ನುಗ್ಗೆ ಬೀಜದ ಪುಡಿ ಹಾಕಿ, ಕ್ಲೋರಿನ್ ಬೇಡವೇ ಬೇಡ 🙏

ವಸುಧಾ: ಹಾಕಬೇಡಿ. ಕೆಸರು ಕೂರಿಸುತ್ತೆ, ನಿಜ. ನೀರಲ್ಲಿ ಬಿಟ್ಟುಹೋಗೋ ಬೀಜದ ಸಾವಯವ ಅಂಶವೇ ಬ್ಯಾಕ್ಟೀರಿಯಾಗೆ ಊಟ. ಲೋಳೆ ಜಾಸ್ತಿ ಆಗುತ್ತೆ.

ಗಿರೀಶ್: ನಮ್ಮಜ್ಜಿ 90 ವರ್ಷ ಬದುಕಿದ್ರು.

ಶೈಲಜಾ: ಅಜ್ಜಿ ಮನೇಲಿ ಸಂಪ್ ಇತ್ತಾ ಸಾರ್?

ರಮೇಶ್: ಮೊದಲು ಸಂಪ್ ತೊಳೆಸಿ. ಮೇಂಟೆನೆನ್ಸ್ ದುಡ್ಡು ಎಲ್ಲಿಗೆ ಹೋಯ್ತು?

ಗಿರೀಶ್: ಸಮಿತಿಗೆ ಬಂದು ಕೂತು ಕೇಳಿ, ಇಲ್ಲಿ ಅಲ್ಲ.

ಸುಮಾ: ಆರು ತಿಂಗಳ ಮಗುಗೆ ಕಾಯಿಸಿದ ನೀರು ಎಷ್ಟು ಹೊತ್ತು ಇಡಬಹುದು ಮೇಡಂ?

ರಮೇಶ್: ಗಿರೀಶ್, ಕಳೆದ ವರ್ಷನೂ ಇದೇ ಉತ್ತರ ಕೊಟ್ರಿ.

ಪ್ರಕಾಶ್: ಆರ್‌ಒ ಇದ್ರೆ ಸಾಕಾ?

ವಸುಧಾ: ಮೇಲೆ ಓದಿ.