ಪ್ರಶ್ನೋತ್ತರ: ಎಲ್ ಪಾಸೊ–ಹುವಾರೆಸ್ ಗಡಿಯ ಎರಡು ಬಗೆಯ ಗುಂಡು

ಪ್ರಶ್ನೆ: ಮೇಡಂ, ಅಮೆರಿಕದ ಪಾನನಿಷೇಧ ಅಂದ ಕೂಡಲೇ ನಮಗೆ ಶಿಕಾಗೊ, ಕಳ್ಳಮದ್ಯದ ದೊರೆ ಅಲ್ ಕಪೋನ್ ನೆನಪಾಗ್ತಾರೆ. ಅದೇ ಹೊತ್ತಿಗೆ ಪಕ್ಕದ ಮೆಕ್ಸಿಕೊದಲ್ಲಿ ಕ್ರಾಂತಿ ನಡೀತಿತ್ತಲ್ಲ? ಎರಡಕ್ಕೂ ಸಂಬಂಧ ಇತ್ತಾ? ಗಡಿಯ ಮೇಲಿದ್ದ ಸಾಮಾನ್ಯ ಜನರ ಬದುಕು ಹೇಗಿತ್ತು?

ಉತ್ತರ: ಸಂಬಂಧ ಗಟ್ಟಿಯಾಗಿಯೇ ಇತ್ತು. ಆ ಗಡಿಯ ಇತಿಹಾಸವೇ ನಾನು ಪಾಠ ಮಾಡುವ ವಿಷಯ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಗಡಿ ಹೇಗಿತ್ತು ನೋಡೋಣ. 1911ರ ಮೇ ತಿಂಗಳಲ್ಲಿ ಕ್ರಾಂತಿಕಾರಿಗಳು ಮೆಕ್ಸಿಕೊದ ಹುವಾರೆಸ್ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಗಡಿನದಿ ರಿಯೊ ಗ್ರಾಂಡೆಯ ಈಚೆ ದಡದ, ಅಮೆರಿಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೊ ಜನ ಮಹಡಿ ಹತ್ತಿ ಯುದ್ಧ ನೋಡಿದರು, ಜಾತ್ರೆಗೆ ಬಂದವರ ಹಾಗೆ. ಹೋರಾಟದ ಫೋಟೊಗಳು ಪೋಸ್ಟ್‌ಕಾರ್ಡ್ ಆಗಿ ಮಾರಾಟವಾದವು. ದಾರಿತಪ್ಪಿ ಬಂದ ಗುಂಡು ತಗುಲಿ ಈಚೆ ಬದಿಯಲ್ಲೂ ಕೆಲವರು ಸತ್ತರು. ನೋಡಲು ಹೋದವರೂ ಇದ್ದರು, ಪಾಪ, ತಮ್ಮ ಪಾಡಿಗೆ ತಾವಿದ್ದವರೂ ಇದ್ದರು. ಅದೇ ತಿಂಗಳು ಮೆಕ್ಸಿಕೊದ ಅಧ್ಯಕ್ಷ ಪೊರ್ಫಿರಿಯೊ ದಿಯಾಸ್ ರಾಜೀನಾಮೆ ಕೊಟ್ಟ. ಆದರೆ ಗಡಿಯೂರುಗಳಿಗೆ ನೆಮ್ಮದಿ ಬರಲಿಲ್ಲ. 1914ರ ಕೊನೆಗೆ ಮೆಕ್ಸಿಕೊದ ಸೊನೋರಾ ರಾಜ್ಯದ ನಾಕೊ ಪಟ್ಟಣಕ್ಕೆ ತಿಂಗಳುಗಟ್ಟಲೆ ಮುತ್ತಿಗೆ. ಗೆರೆಯ ಆಚೆ ಅರಿಜೋನಾದಲ್ಲೂ ನಾಕೊ ಎಂಬ ಊರೇ ಇದೆ, ಗುಂಡುಗಳು ಅಲ್ಲಿನ ಮನೆಗಳಿಗೂ ನುಗ್ಗಿದವು.

ಇನ್ನು ಮದ್ಯದ ಕಥೆ. ಅರಿಜೋನಾ ರಾಜ್ಯ 1915ರ ಜನವರಿ 1ರಿಂದ ಪಾನನಿಷೇಧ ಜಾರಿಗೆ ತಂದಿತು, ಇಡೀ ದೇಶಕ್ಕಿಂತ ಐದು ವರ್ಷ ಮೊದಲು. ಕುಡಿಯುವವರೆಲ್ಲ ಗೆರೆ ದಾಟಿ ಸೊನೋರಾಕ್ಕೆ ಹೋದರು ಅಂತ ನೀವು ಊಹಿಸಬಹುದು. ಕೆಲವು ತಿಂಗಳು ಹಾಗೇ ಆಯಿತು. ಆಗಸ್ಟ್ 8ರಂದು ಸೊನೋರಾದ ಹೊಸ ಆಡಳಿತಗಾರ, ಕ್ರಾಂತಿಯ ಸೇನಾನಾಯಕ ಪ್ಲುಟಾರ್ಕೊ ಎಲಿಯಾಸ್ ಕಾಯೆಸ್ ತನ್ನ ಮೊತ್ತಮೊದಲ ಆಜ್ಞೆ ಹೊರಡಿಸಿದ: ಮದ್ಯದ ತಯಾರಿಕೆ, ಆಮದು, ಮಾರಾಟ ಎಲ್ಲ ಬಂದ್. ಯುದ್ಧ ಇನ್ನೂ ಮುಗಿದಿರಲಿಲ್ಲ, ಬೊಕ್ಕಸ ಬರಿದಾಗಿತ್ತು, ಆದರೂ ಮೊದಲ ಆಜ್ಞೆ ಇದೇ! ಮುಂದೆ 1924ರಲ್ಲಿ ಮೆಕ್ಸಿಕೊದ ಅಧ್ಯಕ್ಷನಾದವನೂ ಇವನೇ.

ಪ್ರಶ್ನೆ: ಒಬ್ಬ ಸೇನಾನಾಯಕನಿಗೆ ಯಾಕೆ ಈ ಉಸಾಬರಿ? ಅಮೆರಿಕದಲ್ಲಾದರೆ ಚರ್ಚು, ಮಹಿಳಾ ಸಂಘಗಳ ಒತ್ತಡ ಇತ್ತು. ಇವನಿಗೇನಿತ್ತು?

ಉತ್ತರ: ಒಳ್ಳೆಯ ಪ್ರಶ್ನೆ. ಅಮೆರಿಕದ ಚಳವಳಿಯ ಬೇರು ಪ್ರಾಟೆಸ್ಟೆಂಟ್ ಚರ್ಚಿನಲ್ಲಿತ್ತು, ಸರಿ. ಕುಡುಕ ಗಂಡನ ಆಸ್ತಿ–ಸಂಬಳದ ಮೇಲೆ ಹಕ್ಕಿಲ್ಲದ ಹೆಂಗಸರು 1874ರಲ್ಲಿ ಕ್ರಿಶ್ಚಿಯನ್ ಮಹಿಳಾ ಪಾನನಿರೋಧ ಒಕ್ಕೂಟ ಕಟ್ಟಿದರು, ಆಮೇಲೆ ಮತದಾನದ ಹಕ್ಕನ್ನೂ ಅದೇ ವೇದಿಕೆಯಿಂದ ಕೇಳಿದರು. 1893ರಲ್ಲಿ ಒಹಾಯೊದಲ್ಲಿ ಹುಟ್ಟಿದ ಆ್ಯಂಟಿ-ಸಲೂನ್ ಲೀಗ್ ಮಾತ್ರ ಶುದ್ಧ ಲೆಕ್ಕಾಚಾರದ ಸಂಸ್ಥೆ. ಅಭ್ಯರ್ಥಿ ಯಾವ ಪಕ್ಷದವನು, ಮನೆಯಲ್ಲಿ ಕುಡಿಯುತ್ತಾನಾ ಎಂಬುದೆಲ್ಲ ಅದಕ್ಕೆ ಬೇಡ. ಸದನದಲ್ಲಿ ನಮ್ಮ ಪರ ಕೈ ಎತ್ತುತ್ತಾನಾ? ಅಷ್ಟು ಸಾಕು.

ಮೆಕ್ಸಿಕೊದಲ್ಲಿ ಚರ್ಚನ್ನೇ ವಿರೋಧಿಸುತ್ತಿದ್ದವರು ಮದ್ಯವನ್ನೂ ವಿರೋಧಿಸಿದರು. ಅವರ ಕಣ್ಣಲ್ಲಿ ಹೆಂಡ ಎಂದರೆ ಜಮೀನ್ದಾರಿಯ ಹಗ್ಗ: ಕೂಲಿಯವನು ಧಣಿಯ ಅಂಗಡಿಯಲ್ಲೇ ಸಾಲಕ್ಕೆ ಕುಡಿಯುತ್ತಾನೆ, ಸಾಲ ತೀರುವುದಿಲ್ಲ, ತೋಟ ಬಿಟ್ಟು ಹೋಗುವಂತಿಲ್ಲ. ಮೆಕ್ಸಿಕೊದ ಯುಕಾತಾನ್ ರಾಜ್ಯದಲ್ಲಿ ಜನರಲ್ ಸಾಲ್ವದೋರ್ ಅಲ್ವಾರಾದೊ ಸಹ ಇದೇ ತರ್ಕದಿಂದ ಪಾನನಿಷೇಧ ತಂದ. 1917ರ ಸಂವಿಧಾನದ 117ನೇ ವಿಧಿಯಲ್ಲಿ ಕುಡಿತದ ಚಟದ ವಿರುದ್ಧ ಕಾನೂನು ಮಾಡಬೇಕೆಂಬ ಮಾತೇ ಸೇರಿತು. ಕ್ರಾಂತಿಯ ಹೆಸರಾಂತ ಸೇನಾನಾಯಕ ಪಾಂಚೊ ವಿಯಾ ಮದ್ಯ ಮುಟ್ಟುತ್ತಿರಲಿಲ್ಲ ಎಂಬುದು ಅನೇಕರಿಗೆ ಆಶ್ಚರ್ಯ. 1915ರ ನವೆಂಬರ್‌ನಲ್ಲಿ ಗಡಿಯೂರು ಆಗುವಾ ಪ್ರಿಯೆತಾದಲ್ಲಿ ಅವನನ್ನು ಸೋಲಿಸಿದ್ದು ಕಾಯೆಸ್. ಕುಡಿಯದವನೊಬ್ಬ, ಕುಡಿಯಲು ಬಿಡದವನೊಬ್ಬ!

ಕಾಯೆಸ್‌ನ ತಂದೆ ವಿಪರೀತ ಕುಡಿಯುತ್ತಿದ್ದ, ಮಗನ ಕೋಪಕ್ಕೆ ಅದೂ ಒಂದು ಕಾರಣ ಎನ್ನುವವರಿದ್ದಾರೆ. ಇರಬಹುದು. ಆದರೆ ನನಗೆ ರಾಜಕೀಯ ಕಾರಣವೇ ಹೆಚ್ಚು ತೂಕದ್ದು. ಊರೂರಿನ ಭಟ್ಟಿ ಮುಚ್ಚಿಸುವ ಶಕ್ತಿ ನನಗಿದೆ ಎಂದು ತೋರಿಸುವುದು ಹೊಸ ಸರ್ಕಾರಕ್ಕೆ ಬೇಕಿತ್ತು.

ಪ್ರಶ್ನೆ: ಅಂದರೆ ಮೆಕ್ಸಿಕೊದ ಗಡಿಯುದ್ದಕ್ಕೂ ಮದ್ಯ ನಿಂತುಹೋಯಿತಾ? ಹಾಗಾದರೆ ತಿಹುವಾನಾದ ಬಾರುಗಳು ಎಲ್ಲಿಂದ ಬಂದವು?

ಉತ್ತರ: ನಿಲ್ಲಲಿಲ್ಲ. ತಿಹುವಾನಾ ಇರುವುದು ಗಡಿಯ ಪಶ್ಚಿಮ ತುದಿಯ ಬಾಹಾ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಕರ್ನಲ್ ಎಸ್ತೆಬಾನ್ ಕಾಂತು ಇದ್ದ. ಅವನ ಆಡಳಿತ ನಡೆಯುತ್ತಿದ್ದುದೇ ಬಾರು, ಜೂಜುಕಟ್ಟೆಗಳ ತೆರಿಗೆಯಿಂದ. ಸೈನಿಕರ ಸಂಬಳ, ರಸ್ತೆ, ಶಾಲೆ ಎಲ್ಲಕ್ಕೂ ಆ ದುಡ್ಡೇ. ಆದರ್ಶದ ರಾಜ್ಯಕ್ಕೂ ಬೊಕ್ಕಸದ ರಾಜ್ಯಕ್ಕೂ ಒಂದೇ ಕ್ರಾಂತಿಯಲ್ಲಿ ಜಾಗವಿತ್ತು. ಸೊನೋರಾದ ನಿಷೇಧವೂ ಕೆಲವೇ ವರ್ಷಗಳಲ್ಲಿ ಸಡಿಲವಾಯಿತು. 1920ರ ಜನವರಿ 17ರಂದು ಇಡೀ ಅಮೆರಿಕಕ್ಕೆ ನಿಷೇಧ ಬಂದಾಗ ದಕ್ಷಿಣದ ಬಾಗಿಲುಗಳು ತೆರೆದೇ ಇದ್ದವು. ಕೆಂಟಕಿಯ ವಾಟರ್‌ಫಿಲ್ ಅಂಡ್ ಫ್ರೇಜಿಯರ್ ವಿಸ್ಕಿ ಕಾರ್ಖಾನೆಯನ್ನೇ ಬಿಚ್ಚಿ ಹುವಾರೆಸ್‌ಗೆ ಸಾಗಿಸಿ ಮತ್ತೆ ಜೋಡಿಸಿದರು.

ಪ್ರಶ್ನೆ: ಆದರೆ ಅಷ್ಟೊತ್ತಿಗೆ ಗಡಿ ಬಿಗಿಯಾಗಿತ್ತಲ್ಲವೇ? ಅದು ಪಾನನಿಷೇಧಕ್ಕಾಗಿ ಆದ ಬಿಗಿಯಾ?

ಉತ್ತರ: ಇಲ್ಲ, ಬಿಗಿ ಮೊದಲು ಬಂತು, ಯುದ್ಧದ ನೆಪದಲ್ಲಿ. ಜನಸಾಮಾನ್ಯರ ಕಥೆ ನನಗೆ ಮುಖ್ಯ ಅನ್ನಿಸುವುದು ಇಲ್ಲೇ.

1916ರ ಮಾರ್ಚ್‌ನಲ್ಲಿ ವಿಯಾ ನ್ಯೂ ಮೆಕ್ಸಿಕೊದ ಕೊಲಂಬಸ್ ಊರಿನ ಮೇಲೆ ದಾಳಿ ಮಾಡಿದ. ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ನ್ಯಾಷನಲ್ ಗಾರ್ಡ್ ಸೈನಿಕರು ಗಡಿಗೆ ಬಂದರು. ಮುಂದಿನ ಜನವರಿಯಲ್ಲಿ ಎಲ್ ಪಾಸೊ ಸೇತುವೆಯ ಮೇಲೆ ಹೊಸ ನಿಯಮ: ದಿನಾ ಕೆಲಸಕ್ಕೆ ದಾಟಿ ಬರುವ ಬಡ ಮೆಕ್ಸಿಕನ್ನರು ಬಟ್ಟೆ ಬಿಚ್ಚಿ, ಹೇನು ಸಾಯಿಸಲು ಸೀಮೆಎಣ್ಣೆ ಬೆರೆಸಿದ ದ್ರಾವಣದ ಸ್ನಾನ ಮಾಡಬೇಕು. ಹೇನಿನಿಂದ ಹರಡುವ ಟೈಫಸ್ ಜ್ವರದ ಭಯ ಎಂಬುದು ಸಮಜಾಯಿಷಿ. ಹಿಂದಿನ ವರ್ಷವಷ್ಟೇ ಎಲ್ ಪಾಸೊ ಜೈಲಿನಲ್ಲಿ ಇಂಥದೇ ಸ್ನಾನದ ವೇಳೆ ಬೆಂಕಿ ಹತ್ತಿ ಕೈದಿಗಳು ಸುಟ್ಟು ಸತ್ತಿದ್ದರು. ಜನವರಿ 28ರ ಬೆಳಿಗ್ಗೆ ಮನೆಗೆಲಸಕ್ಕೆ ಹೊರಟಿದ್ದ 17ರ ಹುಡುಗಿ ಕಾರ್ಮೆಲಿತಾ ತೋರೆಸ್ ಟ್ರಾಮಿನಿಂದ ಇಳಿಯಲು ಒಪ್ಪಲಿಲ್ಲ. ಜೊತೆಯ ಹೆಂಗಸರೂ ಸೇರಿಕೊಂಡರು, ಟ್ರಾಮ್‌ಗಳು ನಿಂತವು, ಸೇತುವೆ ಬಂದ್ ಆಯಿತು. ಗಲಾಟೆ ಅಡಗಿತು, ಸ್ನಾನದ ಪದ್ಧತಿ ದಶಕಗಟ್ಟಲೆ ಉಳಿಯಿತು.

ಅರಿಜೋನಾ–ಸೊನೋರಾ ಗಡಿಯ ನೊಗಾಲೆಸ್‌ನದು ಇನ್ನೊಂದು ಬಗೆ. ಅಲ್ಲಿ ಗಡಿಯೇ ಒಂದು ಬೀದಿ, ಎದುರು ಮನೆಯೆಂದರೆ ಪರದೇಶ. 1918ರ ಆಗಸ್ಟ್ 27ರಂದು ಪೊಟ್ಟಣ ಹಿಡಿದು ಮನೆಗೆ ಹೊರಟಿದ್ದ ಬಡಗಿಯೊಬ್ಬನಿಗೆ ಅಮೆರಿಕದ ಕಾವಲಿನವರು ನಿಲ್ಲು ಅಂದರು, ಮೆಕ್ಸಿಕೊದವರು ಬಾ ಅಂದರು. ಗುಂಡು ಹಾರಿತು. ಬಿಳಿ ಬಟ್ಟೆ ತೋರಿಸಿ ಜಗಳ ನಿಲ್ಲಿಸಲು ಬಂದ ಮೆಕ್ಸಿಕೊ ಬದಿಯ ಮೇಯರ್ ಫೆಲಿಕ್ಸ್ ಪೆನ್ಯಾಲೋಸಾ ಗುಂಡು ತಗುಲಿ ಸತ್ತ. ಆಮೇಲೆ ಬೀದಿಯ ನಡುವೆ ಬೇಲಿ ಬಂತು.

ಮದ್ಯವೂ ಸೈನ್ಯದ ಕೈಹಿಡಿದೇ ಹೋಯಿತು ಎನ್ನಬೇಕು. ಸೈನಿಕರು ಹಾಳಾಗುತ್ತಾರೆಂದು ಟೆಕ್ಸಾಸ್ 1918ರಲ್ಲಿ ಸೇನಾ ಶಿಬಿರಗಳ ಸುತ್ತ ಹತ್ತು ಮೈಲಿಯೊಳಗೆ ಮಾರಾಟ ನಿಷೇಧಿಸಿತು. ಎಲ್ ಪಾಸೊದಲ್ಲಿ ಫೋರ್ಟ್ ಬ್ಲಿಸ್ ಎಂಬ ಸೇನಾ ನೆಲೆ ಇದ್ದದ್ದರಿಂದ ಊರಿಗೂರೇ ಒಣಗಿತು. ಮುಂದೆ 1924ರಲ್ಲಿ ಅಮೆರಿಕದ ಗಡಿ ಕಾವಲು ದಳ ಬಾರ್ಡರ್ ಪ್ಯಾಟ್ರೋಲ್ ಹುಟ್ಟಿದಾಗ ಕಾವಲು ಆಗಲೇ ರೂಢಿಯಾಗಿತ್ತು, ಮದ್ಯ ಸಾಗಿಸುವವರು ಅದಕ್ಕೆ ಹೊಸ ಗುರಿಯಾದರು. ನದಿಯ ಪಾತ್ರವನ್ನು ಬದಲಿಸಿದಾಗ ಅಮೆರಿಕದ ದಡದಲ್ಲಿ ಉಳಿದುಹೋದ ಮೆಕ್ಸಿಕೊದ ತುಂಡು ನೆಲ ಕೊರ್ದೋವಾ ದ್ವೀಪ. ಅಲ್ಲಿಂದ ಈಚೆಗೆ ಬರಲು ನೀರು ದಾಟುವ ಕೆಲಸವೂ ಇರಲಿಲ್ಲ. ಪಕ್ಕದ ಬಡಾವಣೆಯವರಿಗೆ ರಾತ್ರಿ ಗುಂಡಿನ ಸದ್ದು ಮಾಮೂಲಾಯಿತು, ಈ ಸಲ ವಿಸ್ಕಿಗಾಗಿ.

ಪ್ರಶ್ನೆ: ಕೊನೇದು. 1933ರಲ್ಲಿ ನಿಷೇಧ ಹೋದ ಮೇಲೆ ಹುವಾರೆಸ್ ಬಾರುಗಳಿಗೆ ಬೀಗ ಬಿತ್ತಾ?

ಉತ್ತರ: ಪೆಟ್ಟು ಬಿತ್ತು, ಬೀಗ ಬೀಳಲಿಲ್ಲ. ಡಿಸೆಂಬರ್ 5ರ, ಅಮೆರಿಕ ಸಂವಿಧಾನದ 21ನೇ ತಿದ್ದುಪಡಿ ದೇಶವ್ಯಾಪಿ ನಿಷೇಧ ತೆಗೆದು ನಿರ್ಧಾರವನ್ನು ರಾಜ್ಯಗಳಿಗೇ ಬಿಟ್ಟಿತು. ಟೆಕ್ಸಾಸ್ ತನ್ನ ರಾಜ್ಯ ನಿಷೇಧ ತೆಗೆದದ್ದು 1935ರಲ್ಲಿ. ಅದಾದ ಮೇಲೂ ಅಲ್ಲಿ ಬಾಟಲಿ ಕೊಂಡು ಮನೆಗೆ ಒಯ್ಯಬಹುದಿತ್ತೇ ಹೊರತು, ಬಾರಿನಲ್ಲಿ ಕೂತು ವಿಸ್ಕಿಯನ್ನು ಪೆಗ್ ಲೆಕ್ಕದಲ್ಲಿ ಕುಡಿಯಲು 1971ರವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಎಲ್ ಪಾಸೊದವರಿಗೆ ಸೇತುವೆ ಇತ್ತು.