ಶನಿವಾರ ಆಹಾರಕ್ಕೆ ಬರುವವರು, ಭಾನುವಾರ ಆರಾಧನೆಗೆ ಬರುವವರು: ಎಪಿಸ್ಕೋಪಲ್ ಸಭೆಯೊಂದರಲ್ಲಿ ಇವರನ್ನು ಒಂದುಗೂಡಿಸುವುದು ಹೇಗೆ?

ಪ್ರಶ್ನೆ

ಕರ್ನಾಟಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದ ನಾನು ಅಮೆರಿಕಕ್ಕೆ ಬಂದ ಮೇಲೆ ಮನೆಗೆ ಹತ್ತಿರದ ಎಪಿಸ್ಕೋಪಲ್ ಸಭೆಯನ್ನು ಸೇರಿಕೊಂಡೆ. ಎರಡೂ ಆಂಗ್ಲಿಕನ್ ಒಕ್ಕೂಟಕ್ಕೆ ಸೇರಿದವುಗಳಾದ್ದರಿಂದ ಆರಾಧನೆಯ ಕ್ರಮ ನನಗೆ ಅಪರಿಚಿತವೆನಿಸಲಿಲ್ಲ. ಆದರೆ ಇಲ್ಲಿನ ಆಡಳಿತದ ರೀತಿ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಈ ವರ್ಷ ನನ್ನನ್ನು ಔಟ್‌ರೀಚ್ ಸಮಿತಿಗೆ, ಅಂದರೆ ಹೊರಗಿನವರಿಗೆ ಸಭೆ ಮಾಡುವ ಸೇವೆಯನ್ನು ನೋಡಿಕೊಳ್ಳುವ ಸಮಿತಿಗೆ, ಸೇರಿಸಿದ್ದಾರೆ.

ನಮ್ಮ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಶನಿವಾರ ಬೆಳಿಗ್ಗೆ ಉಚಿತ ಆಹಾರ ವಿತರಣೆ ನಡೆಯುತ್ತದೆ. ಭಾನುವಾರ ಆರಾಧನೆಗೆ ಬರುವವರಿಗಿಂತ ಶನಿವಾರ ಸಾಲಿನಲ್ಲಿ ನಿಲ್ಲುವವರ ಸಂಖ್ಯೆಯೇ ಹೆಚ್ಚು. ಆದರೆ ಆರಾಧನೆಗೆ ಬರುವ ಹಿರಿಯರಲ್ಲಿ ಅನೇಕರು ಈ ಜನರ ಮುಖವನ್ನೇ ನೋಡಿಲ್ಲ, ಅವರಿಗೂ ಮೇಲಿನ ಮಹಡಿಯಲ್ಲಿ ಏನು ನಡೆಯುತ್ತದೆಂಬುದು ಗೊತ್ತಿಲ್ಲ. ಮುಂದಿನ ವರ್ಷದ ಕಾಣಿಕೆಯ ವಾಗ್ದಾನಪತ್ರಗಳನ್ನು ಸಂಗ್ರಹಿಸುವ ಸಮಯ ಬಂದಾಗ ಒಬ್ಬರು, "ಇಷ್ಟು ಜನರಿಗೆ ಆಹಾರ ಕೊಡುತ್ತೇವೆ, ಅವರಲ್ಲಿ ಒಬ್ಬರಾದರೂ ಸದಸ್ಯರಾಗಿದ್ದಾರೆಯೇ?" ಎಂದು ಕೇಳಿದರು. ಇನ್ನೊಬ್ಬರು, ಹಸಿದು ಬಂದವರನ್ನು ಆರಾಧನೆಗೆ ಕರೆಯುವುದೆಂದರೆ ಕೊಟ್ಟ ಆಹಾರಕ್ಕೆ ಬೆಲೆ ಕೇಳಿದಂತೆ ಎಂದರು. ಸಮಿತಿಯೀಗ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿಯಲ್ಲಿದೆ. ಆಹ್ವಾನಿಸುವುದು ತಪ್ಪೇ? ಇಂಥ ವಿಷಯಗಳನ್ನು ತೀರ್ಮಾನಿಸುವ ಅಧಿಕಾರ ಯಾರದು? ಬೇರೆ ಸಭೆಗಳು ಇದನ್ನು ಹೇಗೆ ನಿಭಾಯಿಸಿವೆ?

ಉತ್ತರ 1

ನಾನು ಬೇರೊಂದು ರಾಜ್ಯದ ಎಪಿಸ್ಕೋಪಲ್ ಸಭೆಯಲ್ಲಿ ವೆಸ್ಟ್ರಿಯ, ಅಂದರೆ ಆಡಳಿತ ಮಂಡಳಿಯ, ಸದಸ್ಯನಾಗಿದ್ದೆ, ನಂತರ ಅದರ ಮುಖ್ಯ ಪದಾಧಿಕಾರಿಗಳಲ್ಲೊಬ್ಬನಾದ ವಾರ್ಡನ್ ಆಗಿಯೂ ಕೆಲಸ ಮಾಡಿದೆ. ಅಧಿಕಾರದ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಸ್ಪಷ್ಟವಾಗದಿದ್ದರೆ ಉಳಿದ ಚರ್ಚೆಯೆಲ್ಲ ಗಾಳಿಯಲ್ಲಿ ಗುದ್ದಾಡಿದಂತಾಗುತ್ತದೆ. ಸಭೆಯ ಸದಸ್ಯರು ಆರಿಸಿದ ವೆಸ್ಟ್ರಿಯು ಸಭೆಯ ಆಸ್ತಿ ಮತ್ತು ಹಣಕಾಸಿನ ವಿಷಯದಲ್ಲಿ ಕಾನೂನುಬದ್ಧ ಪ್ರತಿನಿಧಿ. ಆದರೆ ಆರಾಧನೆಯ ಹೊಣೆಯೂ ಚರ್ಚಿನ ಕಟ್ಟಡಗಳ ಬಳಕೆಯ ನಿಯಂತ್ರಣವೂ ಎಪಿಸ್ಕೋಪಲ್ ಸಭೆಯ ನಿಯಮಾವಳಿಯ ಪ್ರಕಾರ ರೆಕ್ಟರ್ (ಸಭೆಯ ಮುಖ್ಯ ಪಾದ್ರಿ) ಅವರದು. ಹೀಗಾಗಿ ವಿತರಣೆಗೆ ಆಯವ್ಯಯದಲ್ಲಿ ಎಷ್ಟು ಹಣ ಇಡಬೇಕೆಂಬುದನ್ನು ವೆಸ್ಟ್ರಿ ತೀರ್ಮಾನಿಸಬೇಕು. ಅದನ್ನು ನೆಲಮಾಳಿಗೆಯಲ್ಲಿ ನಡೆಸಬೇಕೋ ಮೇಲೆ ನಡೆಸಬೇಕೋ ಎಂಬುದಕ್ಕೆ ರೆಕ್ಟರ್ ಅವರ ಒಪ್ಪಿಗೆ ಬೇಕು. ನಿಮ್ಮ ಸಮಿತಿ ಇಬ್ಬರಿಗೂ ಸಲಹೆ ನೀಡಬಹುದು, ಅದಕ್ಕಿಂತ ಹೆಚ್ಚಿನ ಅಧಿಕಾರ ಸಾಮಾನ್ಯವಾಗಿ ಅದಕ್ಕಿರುವುದಿಲ್ಲ.

ನಿಮ್ಮ ಸಭೆಯಲ್ಲಿ ಡೀಕನ್ (ಸೇವಾಕಾರ್ಯಕ್ಕೆಂದು ದೀಕ್ಷೆ ಪಡೆದ ಸಭಾಸೇವಕರು) ಇದ್ದಾರೆಯೇ? ಇದ್ದರೆ ಅವರನ್ನು ಮೊದಲು ಭೇಟಿಯಾಗಿ. ಬಡವರು, ದುರ್ಬಲರು, ರೋಗಿಗಳು, ಒಂಟಿಯಾಗಿರುವವರು, ಇವರ ಸೇವೆಯನ್ನು 1979ರ ಪ್ರಾರ್ಥನಾ ಪುಸ್ತಕದ ದೀಕ್ಷಾವಿಧಿ ಡೀಕನ್‌ಗೆ ವಿಶೇಷವಾಗಿ ವಹಿಸುತ್ತದೆ. ಜಗತ್ತಿನ ಅಗತ್ಯಗಳನ್ನು ಸಭೆಗೆ ಬಿಡಿಸಿ ಹೇಳುವುದೂ ಅವರ ಕರ್ತವ್ಯವೇ. ಅವರು ನೇರವಾಗಿ ಬಿಷಪ್‌ಗೆ ಉತ್ತರದಾಯಿಗಳಾಗಿರುವುದರಿಂದ ಸ್ಥಳೀಯ ಎಳೆದಾಟಗಳಿಂದ ಸ್ವಲ್ಪ ದೂರ ನಿಂತು ಮಾತನಾಡಬಲ್ಲರು.

ಇನ್ನು ಬೇರೆ ಸಭೆಗಳ ಅನುಭವ. ನ್ಯೂಯಾರ್ಕಿನ ಚೆಲ್ಸೀ ಪ್ರದೇಶದ ಹೋಲಿ ಅಪಾಸಲ್ಸ್ ಸಭೆ 1982ರಲ್ಲಿ ಉಚಿತ ಊಟದ ಕಾರ್ಯಕ್ರಮವನ್ನು ಆರಂಭಿಸಿತು. 1990ರ ಬೆಂಕಿ ಅನಾಹುತದ ನಂತರ ಚರ್ಚನ್ನು ಪುನಃ ಕಟ್ಟಿದಾಗ ಸ್ಥಿರವಾದ ಬೆಂಚುಗಳನ್ನು ಮತ್ತೆ ಹಾಕಲಿಲ್ಲ. ಆರಾಧನೆ ನಡೆಯುವ ಜಾಗದಲ್ಲಿಯೇ ಮೇಜು ಹಾಕಿ ಊಟ ಬಡಿಸತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೊದ ಸೇಂಟ್ ಗ್ರೆಗರಿ ಆಫ್ ನಿಸ್ಸಾ ಸಭೆಯಲ್ಲಿ 2000ದಲ್ಲಿ ಆರಂಭವಾದ ಆಹಾರ ವಿತರಣೆಯಲ್ಲಿ ತರಕಾರಿ, ಬ್ರೆಡ್ಡುಗಳನ್ನು ಪ್ರಭುಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಯ) ಮೇಜಿನ ಸುತ್ತಲೇ ಜೋಡಿಸಿಟ್ಟರು. ಆಹಾರಕ್ಕೆಂದು ಬಂದವರು ಅಲ್ಲಿಯೇ ಸ್ವಯಂಸೇವಕರಾಗಿ ನಿಂತರು ಎಂಬುದು ಅಲ್ಲಿನ ಮುಖ್ಯ ಸಂಗತಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಸಾಲಿನಲ್ಲಿ ನಿಂತವರನ್ನು ಭಾನುವಾರದ ಆರಾಧನೆಗೆ ಕರೆಯುವ ಮೊದಲು ಶನಿವಾರದ ಕೆಲಸಕ್ಕೆ ಕರೆಯಿರಿ. ಪೆಟ್ಟಿಗೆ ಇಳಿಸಲು, ಸಾಲು ನೋಡಿಕೊಳ್ಳಲು, ಸ್ಪ್ಯಾನಿಷ್‌ನಲ್ಲಿ ಮಾತನಾಡಲು ಅವರಲ್ಲೇ ಜನರಿರುತ್ತಾರೆ. ಪಡೆಯುವವರು ಯಾವಾಗಲೂ ಪಡೆಯುತ್ತಲೇ, ಕೊಡುವವರು ಯಾವಾಗಲೂ ಕೊಡುತ್ತಲೇ ಇರುವ ವ್ಯವಸ್ಥೆಯಲ್ಲಿ ಪರಿಚಯ ಬೆಳೆಯುವುದಿಲ್ಲ. ವಿತರಣೆಯನ್ನು ಮೇಲಿನ ಆರಾಧನಾ ಸ್ಥಳಕ್ಕೆ ತರುವ ವಿಷಯವನ್ನೂ ರೆಕ್ಟರ್ ಮುಂದೆ ಇಡಬಹುದೆಂದು ನನ್ನ ಅಭಿಪ್ರಾಯ.

"ಒಬ್ಬರಾದರೂ ಸದಸ್ಯರಾಗಿದ್ದಾರೆಯೇ" ಎಂಬ ಮಾತಿನ ಬಗ್ಗೆ ಹೇಳುವುದಾದರೆ, ಸದಸ್ಯತ್ವದ ಎಣಿಕೆಯಿಂದ ಆಹಾರ ವಿತರಣೆಯನ್ನು ಅಳೆಯುವ ಸಭೆ ಕೆಲವೇ ದಿನಗಳಲ್ಲಿ ನಿರಾಶೆಗೊಂಡು ಅದನ್ನು ನಿಲ್ಲಿಸಿಬಿಡುತ್ತದೆ.

ಉತ್ತರ 2

ನಾನು ಆಹಾರ ಬ್ಯಾಂಕೊಂದರಲ್ಲಿ, ನಿಮ್ಮಂಥ ಸಭೆಗಳಿಗೆ ಸಾಮಗ್ರಿ ಹಂಚುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಿಮಗೆ ಬರುವ ಸಾಮಗ್ರಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಇಲಾಖೆಯ ತುರ್ತು ಆಹಾರ ನೆರವು ಯೋಜನೆಯ ಪಾಲಿದ್ದರೆ, ಆ ಆಹಾರ ಪಡೆಯಲು ಯಾರೂ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಬೇಕೆಂಬ ಷರತ್ತು ಹಾಕುವಂತಿಲ್ಲ. ಪ್ರಾರ್ಥನೆ, ಉಪದೇಶಗಳೇನಿದ್ದರೂ ವಿತರಣೆಯಿಂದ ಬೇರೆಯಾಗಿರಬೇಕು, ಬಯಸಿದವರಿಗೆ ಮಾತ್ರ ಇರಬೇಕು. ಹೀಗಿರುವಾಗ ಬಾಗಿಲ ಬಳಿ ಆರಾಧನೆಯ ವೇಳೆಯನ್ನು ಬರೆದ ಫಲಕ ಹಾಕುವುದು ಒಂದು ಮಾತು, ಆಹಾರದ ಚೀಲ ಕೈಗಿಡುವಾಗಲೇ ಆಹ್ವಾನ ನೀಡುವುದು ಬೇರೆಯೇ ಮಾತು. ಎರಡನೆಯದನ್ನು ದಯವಿಟ್ಟು ಮಾಡಬೇಡಿ. ಆ ಕ್ಷಣದಲ್ಲಿ "ಬೇಡ" ಎನ್ನುವ ಸ್ವಾತಂತ್ರ್ಯ ಎದುರಿಗಿರುವವರಿಗೆ ನಿಜವಾಗಿ ಇರುವುದಿಲ್ಲ.

ನೀವು ಆಹಾರವನ್ನು ಮೊದಲೇ ಪೆಟ್ಟಿಗೆಗಳಲ್ಲಿ ತುಂಬಿ ಕೊಡುತ್ತಿದ್ದರೆ ಅದನ್ನೂ ಬದಲಿಸಿ ನೋಡಿ. ಒಂದು ಕೇಂದ್ರದಲ್ಲಿ ಒಬ್ಬರು ಪೆಟ್ಟಿಗೆ ಪಡೆದು, ಹೊರಗಿನ ಮೆಟ್ಟಿಲ ಮೇಲೆ ಕುಳಿತು, ಒಣ ಬೀನ್ಸ್ ಚೀಲವನ್ನೂ ಹಿಟ್ಟಿನ ಪೊಟ್ಟಣವನ್ನೂ ತೆಗೆದು ಗೋಡೆಯ ಪಕ್ಕ ನೀಟಾಗಿ ಇಟ್ಟು ಹೋಗುತ್ತಿದ್ದರು. ವಿಚಾರಿಸಿದಾಗ ಅವರು ಮೋಟೆಲ್ ಕೋಣೆಯಲ್ಲಿ ವಾಸವಾಗಿರುವರೆಂದೂ ಅಲ್ಲಿ ಮೈಕ್ರೋವೇವ್ ಬಿಟ್ಟರೆ ಒಲೆಯಿಲ್ಲವೆಂದೂ ತಿಳಿಯಿತು. ಅಂಗಡಿಯಲ್ಲಿ ಆರಿಸಿಕೊಳ್ಳುವಂತೆ ಮೇಜುಗಳ ನಡುವೆ ನಡೆದು ಬೇಕಾದದ್ದನ್ನು ತೆಗೆದುಕೊಳ್ಳುವ ವ್ಯವಸ್ಥೆಯಿದ್ದರೆ ಆಹಾರ ವ್ಯರ್ಥವಾಗುವುದು ಕಡಿಮೆಯಾಗುತ್ತದೆ. ಜೊತೆಗೆ ನಡೆಯುವ ಸ್ವಯಂಸೇವಕರಿಗೆ ನಾಲ್ಕು ಮಾತನಾಡಲು ಅವಕಾಶವೂ ಸಿಗುತ್ತದೆ. ನೀವು ಹುಡುಕುತ್ತಿರುವ ಪರಿಚಯ ಅಲ್ಲಿಯೇ ಆರಂಭವಾಗಬಹುದು. ದಾನವಾಗಿ ಬಂದ ಆಹಾರದಿಂದ ಏನಾದರೂ ತೊಂದರೆಯಾದರೆ ಎಂದು ವೆಸ್ಟ್ರಿ ಹೆದರುತ್ತಿದ್ದರೆ, ಒಳ್ಳೆಯ ಉದ್ದೇಶದಿಂದ ಕೊಡುವವರಿಗೂ ಹಂಚುವ ಸೇವಾಸಂಸ್ಥೆಗಳಿಗೂ ಬಿಲ್ ಎಮರ್ಸನ್ ಹೆಸರಿನ 1996ರ ಕಾನೂನು ರಕ್ಷಣೆ ನೀಡುತ್ತದೆ. ಘೋರ ನಿರ್ಲಕ್ಷ್ಯಕ್ಕೆ ಮತ್ತು ಉದ್ದೇಶಪೂರ್ವಕ ದುರ್ನಡತೆಗೆ ಮಾತ್ರ ಆ ರಕ್ಷಣೆ ಅನ್ವಯಿಸುವುದಿಲ್ಲ.

ಉತ್ತರ 3

ನಾನು ಕ್ರೈಸ್ತನಲ್ಲ. ನೆರೆಮನೆಯವರು ಕರೆದರೆಂದು ಇಲ್ಲಿನ ಎಪಿಸ್ಕೋಪಲ್ ಚರ್ಚಿನ ವಿತರಣೆಯಲ್ಲಿ ಕೈಜೋಡಿಸಿದವನು, ಈಗಲೂ ಹೋಗುತ್ತೇನೆ. ನನ್ನನ್ನು ಮತಾಂತರಿಸಲು ಯಾರೂ ಪ್ರಯತ್ನಿಸಲಿಲ್ಲವೆಂಬ ಕಾರಣಕ್ಕೇ ಉಳಿದುಕೊಂಡೆನೆಂದು ಹೇಳಬಹುದು. ಒಮ್ಮೆ ಕುತೂಹಲದಿಂದ ಆರಾಧನೆಗೂ ಹೋಗಿದ್ದೆ. ಪ್ರಭುಭೋಜನ ದೀಕ್ಷಾಸ್ನಾನ ಪಡೆದವರಿಗೆ ಎಂಬುದು ಅವರ ನಿಯಮ. ಉಳಿದವರು ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿಟ್ಟು ಹೋದರೆ ಆಶೀರ್ವಾದ ಮಾಡುತ್ತಾರೆಂದು ಪಕ್ಕದವರು ಮೊದಲೇ ಮೆಲ್ಲಗೆ ತಿಳಿಸಿದ್ದರಿಂದ ಮುಜುಗರವಾಗಲಿಲ್ಲ. ನಂತರದ ಕಾಫಿಯ ಹೊತ್ತಿನಲ್ಲಿ ಮಾತ್ರ ಎಲ್ಲರೂ ತಮ್ಮ ತಮ್ಮ ಗುಂಪಿನಲ್ಲೇ ನಿಂತಿದ್ದರು, ನಾನು ಲೋಟ ಹಿಡಿದು ಸೂಚನಾಫಲಕವನ್ನು ಪೂರ್ತಿಯಾಗಿ ಓದಿದೆ! ಹೊಸಬರನ್ನು ಕರೆಯುವ ಮೊದಲು ಈ ಕಾಫಿಯ ಹೊತ್ತನ್ನು ಸರಿಪಡಿಸುವುದು ಒಳ್ಳೆಯದು.

ಮೊದಲ ಉತ್ತರದ ಒಂದು ಅಂಶವನ್ನು ನಾನು ಒಪ್ಪಲಾರೆ. ನಮ್ಮಲ್ಲಿ ಆಹಾರಕ್ಕೆ ಬರುವವರಲ್ಲಿ ಮುಸ್ಲಿಂ ನಿರಾಶ್ರಿತ ಕುಟುಂಬಗಳೂ ಇವೆ. ನೆಲಮಾಳಿಗೆಗೆ ಅವರು ನಿಸ್ಸಂಕೋಚವಾಗಿ ಬರುತ್ತಾರೆ. ಶಿಲುಬೆಯ ಎದುರಿನ ಮೇಜಿನಿಂದ ಅಕ್ಕಿ ತೆಗೆದುಕೊಳ್ಳಬೇಕೆಂದರೆ ಅವರಲ್ಲಿ ಕೆಲವರಾದರೂ ಹಿಂಜರಿಯಬಹುದು. ಸಭೆಯವರಿಗೆ ಅರ್ಥಪೂರ್ಣವೆನಿಸುವ ಸ್ಥಳ ಬಂದವರಿಗೂ ಹಾಗೆಯೇ ಅನಿಸುತ್ತದೆಂದು ಭಾವಿಸಬಾರದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಕೃತಜ್ಞತೆಗಳು. ಆಯ್ಕೆಯ ವ್ಯವಸ್ಥೆಯನ್ನೂ ಶನಿವಾರ ಬರುವವರನ್ನೇ ಸ್ವಯಂಸೇವಕರನ್ನಾಗಿ ಸೇರಿಸಿಕೊಳ್ಳುವುದನ್ನೂ ಸಮಿತಿಯ ಮುಂದಿಡುತ್ತೇನೆ. ಇನ್ನೊಂದು ಸಂದೇಹವಿದೆ. ಆಹಾರಕ್ಕೆ ಬಂದವರು ಕೆಲವೊಮ್ಮೆ ವಿದ್ಯುತ್ ಬಿಲ್ಲಿಗೋ ಬಸ್ ಪಾಸಿಗೋ ಹಣ ಕೇಳುತ್ತಾರೆ. ಸ್ವಯಂಸೇವಕರು ತಮ್ಮ ಜೇಬಿನಿಂದ ಕೊಡುವುದು ಸರಿಯೆನಿಸುವುದಿಲ್ಲ, ವೆಸ್ಟ್ರಿ ಸೇರುವವರೆಗೆ ಕಾಯಿರಿ ಎಂದು ಹೇಳುವುದೂ ಕಷ್ಟ.

ಉತ್ತರ 1 ಬರೆದವರಿಂದ

ಅದಕ್ಕೆ ವೆಸ್ಟ್ರಿಯವರೆಗೆ ಹೋಗಬೇಕಿಲ್ಲ. ಪ್ರತಿ ತಿಂಗಳು ಒಂದು ಭಾನುವಾರದ ಪ್ರಭುಭೋಜನದಲ್ಲಿ ಬೇರೆ ಉದ್ದೇಶಕ್ಕೆಂದು ಗೊತ್ತುಮಾಡದೆ ಬಂದ ಕಾಣಿಕೆಯನ್ನು ದಾನಧರ್ಮಕ್ಕಾಗಿ ರೆಕ್ಟರ್ ಅವರ ವಿವೇಚನೆಗೆ ಬಿಡಬೇಕೆಂದು ನಿಯಮಾವಳಿಯೇ ಹೇಳುತ್ತದೆ. ಈ ವಿವೇಚನಾ ನಿಧಿಯಿಂದ ಅವರು ಬಿಲ್ಲನ್ನು ನೇರವಾಗಿ ವಿದ್ಯುತ್ ಕಂಪನಿಗೆ ಕಟ್ಟಬಹುದು, ಪಡೆದವರ ಹೆಸರು ಸಭೆಯಲ್ಲಿ ಚರ್ಚೆಯಾಗುವುದಿಲ್ಲ. ಲೆಕ್ಕ ಮಾತ್ರ ಲೆಕ್ಕಪರಿಶೋಧನೆಗೆ ಒಳಪಡಬೇಕು. ಸ್ವಯಂಸೇವಕರು ಹಣ ಕೊಡುವ ಬದಲು ಕೇಳಿದವರನ್ನು ರೆಕ್ಟರ್ ಅಥವಾ ಡೀಕನ್ ಬಳಿ ಕಳುಹಿಸುವ ಕ್ರಮವನ್ನು ಬರೆದಿಟ್ಟುಕೊಳ್ಳಿ.

ಆರಾಧನಾ ಸ್ಥಳದ ಬಗ್ಗೆ ಮೂರನೆಯ ಉತ್ತರದವರು ಹೇಳಿದ್ದನ್ನು ತಳ್ಳಿಹಾಕಲಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫಲಿಸಿದ್ದು ನಿರಾಶ್ರಿತರು ಹೆಚ್ಚಿರುವ ಊರಿನಲ್ಲಿ ಫಲಿಸಬೇಕೆಂದಿಲ್ಲ. ಹಾಗಾಗಿ ಶನಿವಾರ ಬರುವವರನ್ನೇ ಕೇಳಿ ನಿರ್ಧರಿಸಿ. ಮೇಲಕ್ಕೆ ಹೋಗುವುದು ಬೇಡವೆಂದರೆ, ಭಾನುವಾರದ ಹಿರಿಯರು ಕೆಳಗಿಳಿದು ಬರಲಿ. ಮೆಟ್ಟಿಲು ಹತ್ತಿಳಿಯಲಾಗದವರಿಗೆ ಬಾಗಿಲಲ್ಲಿ ಕುರ್ಚಿ ಹಾಕಿ ಬಂದವರನ್ನು ಸ್ವಾಗತಿಸುವ ಕೆಲಸ ಕೊಡಬಹುದು. ವಾಗ್ದಾನಪತ್ರದ ಬಗ್ಗೆ ಪ್ರಶ್ನೆ ಎತ್ತಿದವರನ್ನೇ ಅದಕ್ಕೆ ಮೊದಲು ಕೇಳಿನೋಡಿ.