ಈ ವಾರದ ಪ್ರಶ್ನೋತ್ತರ: ಮಳೆ ಹಿಡಿಯುವ ಮೊದಲು ಹಿತ್ತಲಲ್ಲಿ ಏನು ಬೆಳೆಯಬಹುದು?

ಪ್ರಶ್ನೆ (ಬ್ರಹ್ಮಾವರ): ನಮಸ್ಕಾರ ಮೇಡಂ. ಹೊಸ ಮನೆಯ ಹಿಂದೆ ಎರಡು ಸೆಂಟ್ಸ್ ಜಾಗ ಖಾಲಿ ಉಂಟು. ಮುರಕಲ್ಲಿನ ಕೆಂಪು ಮಣ್ಣು. ಯೂಟ್ಯೂಬಲ್ಲಿ ನೋಡಿದರೆ ಈ ಸಮಯಕ್ಕೆ ಟೊಮೆಟೊ, ಕ್ಯಾಪ್ಸಿಕಂ, ಕ್ಯಾರೆಟ್ ಹಾಕಿ ಅಂತಾರೆ. ಈಗ ಫೆಬ್ರವರಿ ಕೊನೆ. ನಾನು ಯಾವುದರಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ ಅಣ್ಣ. ಆ ವಿಡಿಯೊಗಳು ಚಳಿ ಬೀಳುವ ಊರಿನವರಿಗೆ. ಅಲ್ಲಿ ಚಳಿ ಬಿಟ್ಟ ಮೇಲೆ ತೋಟ ಶುರುವಾಗುತ್ತದೆ. ನಮ್ಮ ಕರಾವಳಿಯಲ್ಲಿ ನೋಡಬೇಕಾದ್ದು ಮಳೆ ಯಾವಾಗ ಹಿಡಿಯುತ್ತದೆ ಅಂತ. ಜೂನ್ ಮೊದಲ ಹತ್ತು ದಿನದಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದೇ ಇಲ್ಲ. ಈಗ ಬಿತ್ತಿದ್ದೆಲ್ಲ ಅದಕ್ಕೆ ಮೊದಲು ಕೊಯ್ದು ಮುಗಿಯಬೇಕು. ಹಾಗಾಗಿ ಮೇ ಕೊನೆಯಿಂದ ಹಿಂದಕ್ಕೆ ದಿನ ಎಣಿಸಿ.

ಸಾಂಬಾರಿನ ಸೌತೆ ಬಲಿಯಲು ಎರಡೂವರೆ ತಿಂಗಳು ಬೇಕು. ಅದನ್ನು ಈ ವಾರವೇ ಹಾಕಿ. ಬೆಂಡೆ, ಅಲಸಂಡೆ 45–50 ದಿನಕ್ಕೆ ಕೊಯ್ಯಲು ಸಿಗುತ್ತವೆ. ಆಮೇಲೆ ಒಂದು ತಿಂಗಳಾದರೂ ಕೊಯ್ಯಬೇಕಲ್ವಾ? ಮಾರ್ಚ್ ಮಧ್ಯದೊಳಗೆ ಬಿತ್ತಿ ಬಿಡಿ. ಹರಿವೆ 25–30 ದಿನಕ್ಕೇ ಆಗುತ್ತದೆ. ಒಂದೇ ಸಲ ಎಲ್ಲ ಬೀಜ ಹಾಕಬೇಡಿ, ಹದಿನೈದು ದಿನಕ್ಕೊಮ್ಮೆ ಒಂದೊಂದು ಸಾಲು ಹಾಕಿ. ಬಸಳೆಗೆ ಬೀಜವೇ ಬೇಡ. ಪಕ್ಕದ ಮನೆಯಿಂದ ಬೆಳೆದ ಬಳ್ಳಿಯ ಎರಡು ತುಂಡು ತಂದು ಊರಿದರೆ ಸಾಕು. ಕ್ಯಾರೆಟ್, ಕ್ಯಾಪ್ಸಿಕಂ ಎರಡನ್ನೂ ಬಿಡಿ. ಅವುಗಳಿಗೆ ಇಲ್ಲಿಯ ಸೆಖೆ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಬೇಸಿಗೆಯಲ್ಲಿ ತಗ್ಗಿನಲ್ಲಿ ಬಿತ್ತಬೇಕು, ಮಳೆಗಾಲದಲ್ಲಿ ಏರಿಯ ಮೇಲೆ. ಎಷ್ಟೋ ಜನ ಈಗಲೂ ಏರಿ ಮಾಡಿ ನೀರು ಹೊಯ್ಯುತ್ತಾರೆ. ನೀರೆಲ್ಲ ಬದಿಗೆ ಹರಿದುಹೋಗುತ್ತದೆ, ಬೇರು ಒಣಗಿಯೇ ಇರುತ್ತದೆ. ಸೌತೆಗೆ ಒಂದು ಅಡಿ ಆಳದ ಹೊಂಡ ತೋಡಿ. ಅರ್ಧಕ್ಕೆ ಹಟ್ಟಿಗೊಬ್ಬರ ಮತ್ತು ಮೇಲ್ಮಣ್ಣು ತುಂಬಿಸಿ. ನಾಲ್ಕೈದು ಬೀಜ ಹಾಕಿ, ಹುಟ್ಟಿದ ಮೇಲೆ ಗಟ್ಟಿ ಇರುವ ಎರಡು ಗಿಡ ಉಳಿಸಿ.

ಅವರೇ: ತುಂಬ ಉಪಕಾರ ಮೇಡಂ. ನಮ್ಮ ಮಣ್ಣು ಹುಳಿ ಅಂತ ಹೇಳುತ್ತಾರೆ. ಸುಣ್ಣ ಹಾಕಬೇಕಾ? ಗೋಡೆಗೆ ಬಳಿಯುವ ಸುಣ್ಣ ಆಗುತ್ತದಾ?

ಉತ್ತರ: ಹಾಕಲೇಬೇಕು ಅಣ್ಣ. ವರ್ಷ ವರ್ಷ ಇಷ್ಟು ಮಳೆ ಸುರಿದು ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದುಹೋಗಿರುತ್ತದೆ. ಹುಳಿ ಮಣ್ಣಿನಲ್ಲಿ ನೀವು ಎಷ್ಟು ಗೊಬ್ಬರ ಹಾಕಿದರೂ ರಂಜಕ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಕೃಷಿ ಸುಣ್ಣ ಅಥವಾ ಡೋಲೊಮೈಟ್ ಸೆಂಟ್ಸಿಗೆ ಎರಡು ಕಿಲೊದಷ್ಟು ಹರಡಿ, ಮಣ್ಣಿಗೆ ಬೆರೆಸಿ, ನೀರು ಬಿಡಿ. ಡೋಲೊಮೈಟ್ ಆದರೆ ಮೆಗ್ನೀಷಿಯಂ ಕೂಡ ಸಿಗುತ್ತದೆ, ನನಗೆ ಅದೇ ಇಷ್ಟ. ಗೋಡೆಯ ಸುಣ್ಣ ತುಂಬ ಖಾರ, ಕೈಯನ್ನೂ ಸುಡುತ್ತದೆ, ಅದು ಬೇಡ.

ಸುಣ್ಣ ಮತ್ತು ಹಟ್ಟಿಗೊಬ್ಬರ ಮಾತ್ರ ಒಂದೇ ದಿನ ಹಾಕಬೇಡಿ. ಗೊಬ್ಬರದ ಸಾರಜನಕ ವಾಸನೆಯಾಗಿ ಗಾಳಿಗೆ ಹೋಗುತ್ತದೆ. ಮಧ್ಯೆ ಎರಡು ವಾರ ಬಿಡಿ. ಸೌತೆಗೆ ಅಷ್ಟು ಸಮಯ ಇಲ್ಲ, ಆ ಹೊಂಡಗಳಿಗೆ ಈ ಸಲ ಬರೀ ಗೊಬ್ಬರ ಸಾಕು. ಉಳಿದ ಜಾಗಕ್ಕೆ ಇವತ್ತೇ ಸುಣ್ಣ ಹಾಕಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರವೇ. ಒಮ್ಮೆ ಹೋಗಿ ಮಣ್ಣು ಪರೀಕ್ಷೆಯ ಬಗ್ಗೆ ಕೇಳಿ.

ಹಾಗೇ, ಈಗ ಬೀಳುವ ಹಲಸು, ಮಾವು, ಗೇರಿನ ತರಗೆಲೆಯನ್ನು ದಯವಿಟ್ಟು ಸುಡಬೇಡಿ. ಗಿಡದ ಬುಡಕ್ಕೆ ಒಂದು ಗೇಣು ದಪ್ಪಕ್ಕೆ ಮುಚ್ಚಿ. ಏಪ್ರಿಲಲ್ಲಿ ಬಾವಿ ನೀರು ಇಳಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ (ಸುರತ್ಕಲ್): ಮೇಡಂ, ನನ್ನ ಟೊಮೆಟೊ ಗಿಡ ಚೆನ್ನಾಗಿ ಹೂ ಬಿಟ್ಟಿತ್ತು. ಮೊನ್ನೆ ಮಧ್ಯಾಹ್ನ ಬಾಡಿತು, ಸಂಜೆ ಎದ್ದಿತು. ಈಗ ಏಳುವುದೇ ಇಲ್ಲ. ಎಲೆ ಹಸಿರೇ ಉಂಟು. ನೀರು ಕಮ್ಮಿ ಅಂತ ಜಾಸ್ತಿ ಹಾಕಿದೆ. ಈಗ ಪಕ್ಕದ ಗಿಡವೂ ಬಾಡುತ್ತಾ ಉಂಟು.

ಉತ್ತರ: ಅಕ್ಕ, ಮೊದಲು ನೀರು ನಿಲ್ಲಿಸಿ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಒಂದು ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಳ್ಳಿ. ಕಾಂಡದ ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನ ಬಣ್ಣದ ಎಳೆ ಕೆಳಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಎಳೆ ಇಳಿಯದಿದ್ದರೆ ಇಲ್ಲಿ ಬರೆಯಿರಿ, ಬೇರೆ ಕಾರಣ ಹುಡುಕೋಣ.

ಅವರೇ: ಮಾಡಿ ನೋಡಿದೆ ಮೇಡಂ. ಬಿಳಿ ಎಳೆ ಬಂತು. ಮದ್ದು ಉಂಟಾ?

ಉತ್ತರ: ರೋಗ ಹಿಡಿದ ಗಿಡ ಉಳಿಸುವ ಮದ್ದು ಇಲ್ಲ ಅಕ್ಕ. ಅಂಗಡಿಯಲ್ಲಿ ಏನಾದರೂ ಕೊಟ್ಟರೆ ಸುಮ್ನೆ ದುಡ್ಡು ಹಾಳು. ಬಾಡಿದ ಎರಡೂ ಗಿಡಗಳನ್ನು ಬುಡದ ಮಣ್ಣಿನ ಸಮೇತ ಕಿತ್ತು ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಗುದ್ದಲಿ, ಕತ್ತಿ ತೊಳೆದ ಮೇಲೆಯೇ ಬೇರೆ ಗಿಡ ಮುಟ್ಟಿ. ಆ ಗಿಡಗಳ ಬುಡದಿಂದ ಉಳಿದ ಗಿಡಗಳ ಕಡೆಗೆ ನೀರು ಹರಿಯದ ಹಾಗೆ ನೋಡಿಕೊಳ್ಳಿ. ಈ ರೋಗ ಹೋಗುವುದೇ ನೀರಿನ ಜೊತೆ.

ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನಮ್ಮ ಸೆಖೆ, ತೇವ, ಹುಳಿ ಮಣ್ಣು ಎಲ್ಲ ಅದಕ್ಕೆ ಹಿತ. ಹಾಗಾಗಿ ಆ ಜಾಗಕ್ಕೆ ಬದನೆ, ಮೆಣಸು, ಟೊಮೆಟೊ ಮೂರೂ ಸದ್ಯಕ್ಕೆ ಬೇಡ, ಮೂರೂ ಒಂದೇ ಕುಟುಂಬ. ಅಲ್ಲಿ ಅಲಸಂಡೆ ಅಥವಾ ಹರಿವೆ ಹಾಕಿ. ಟೊಮೆಟೊ ಬೇಕೇ ಬೇಕು ಅಂತಿದ್ದರೆ ಬೇರೆ ಮಣ್ಣು ತುಂಬಿದ ಗ್ರೋ ಬ್ಯಾಗಿನಲ್ಲಿ ಬೆಳೆಯಿರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗವನ್ನು ತಡೆದುಕೊಳ್ಳುವ ತಳಿ. ಅದು ಹೈಬ್ರಿಡ್, ಬೀಜ ತೆಗೆದಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬದನೆಗಾದರೆ ಅದರದ್ದೇ ಕುಟುಂಬದ ಕಾಡುಗಿಡ ಸುಂಡೆಯ ಬೇರಿಗೆ ಕಸಿ ಕಟ್ಟಿದ ಸಸಿ ಒಳ್ಳೆಯದು.

ಪ್ರಶ್ನೆ (ಕಟಪಾಡಿ): ಬದನೆ ಮಾತು ಬಂತಲ್ಲ ಮೇಡಂ. ಮಟ್ಟುಗುಳ್ಳ ಈಗ ನೆಡಬಹುದಾ?

ಉತ್ತರ: ಈಗ ಬೇಡ. ಈ ಬದನೆಯ ಮೂಲ ಊರು ಮಟ್ಟುವಿನ ರೈತರು ಮಳೆ ಇಳಿದ ಮೇಲೆ ನೆಟ್ಟು, ಬೇಸಿಗೆಯವರೆಗೂ ಕೊಯ್ಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಸಸಿ ಮಾಡಿ. ಹಿತ್ತಲಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಮಟ್ಟುವಿನ ಬೆಳೆಗೆ. ಮಾರುವುದಾದರೆ ಆ ಹೆಸರು ಹಾಕಬೇಡಿ.

ಪ್ರಶ್ನೆ (ಮೂಡುಬಿದಿರೆ): ಅಲಸಂಡೆ ಕುಡಿಯಲ್ಲಿ ಕಪ್ಪು ಹೇನು ತುಂಬಿದೆ. ಇರುವೆಯೂ ಉಂಟು. ಇರುವೆಗೆ ಪುಡಿ ಹಾಕಬೇಕಾ?

ಉತ್ತರ: ಪುಡಿ ಬೇಡ ಅಣ್ಣ. ಹೇನು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಹೇನು ಹೋದರೆ ಅದೂ ಹೋಗುತ್ತದೆ. ಕುಡಿಯನ್ನು ಎರಡು ಬೆರಳ ಮಧ್ಯೆ ಹಿಡಿದು ಮೆಲ್ಲ ಉಜ್ಜಿ, ಮತ್ತೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಮೂರು ದಿನ ಬಿಟ್ಟು ಪುನಃ ಮಾಡಿ. ಆಗಲೂ ಇದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊಡೆಯಿರಿ. ಹೊಡೆಯುವ ಮೊದಲು ಸರಿಯಾಗಿ ನೋಡಿ. ಹೇನಿನ ನಡುವೆ ಕಪ್ಪು ಮೈಗೆ ಕಿತ್ತಳೆ ಚುಕ್ಕೆ ಇರುವ ಸಣ್ಣ ಉದ್ದನೆ ಹುಳ ಓಡಾಡುತ್ತಿದ್ದರೆ ಎರಡು ದಿನ ಕಾಯಿರಿ. ಅದು ಗುಲಗಂಜಿ ಹುಳದ ಮರಿ, ಹೇನು ತಿನ್ನಲೆಂದೇ ಬಂದದ್ದು.

ನೆಲಗಡಲೆ ಹಿಂಡಿ ಅಥವಾ ಯೂರಿಯಾ ಜಾಸ್ತಿ ಹಾಕಿದ್ದೀರಾ? ಹಾಕಿದ್ದರೆ ನಿಲ್ಲಿಸಿ. ಎಲೆ ಸೊಂಪಾದಷ್ಟೂ ಹೇನು ಹೆಚ್ಚು, ಕಾಯಿ ಕಮ್ಮಿ.

ಪ್ರಶ್ನೆ (ಕದ್ರಿ): ಹಾಗಲ ಮಿಡಿಯಲ್ಲೇ ಹಳದಿಯಾಗಿ ಉದುರುತ್ತದೆ. ಒಳಗೆ ಹುಳ. ಅಂಗಡಿಯವರು ಮಾವಿಗೆ ಕಟ್ಟುವ ನೊಣದ ಬಲೆ ಕೊಟ್ಟರು, ಒಂದೂ ಬೀಳಲಿಲ್ಲ.

ಉತ್ತರ: ಮಾವಿನ ನೊಣವೇ ಬೇರೆ, ಬಳ್ಳಿ ತರಕಾರಿಯ ನೊಣವೇ ಬೇರೆ. ಬಲೆಯೊಳಗೆ ನೊಣವನ್ನು ಸೆಳೆಯುವ ಮದ್ದೂ ಬೇರೆ ಬೇರೆ. ಮಾವಿಗೆ ಕಟ್ಟುವುದು ಮಿಥೈಲ್ ಯುಜೆನಾಲ್. ನಿಮಗೆ ಬೇಕಾದ್ದು ಕ್ಯೂ ಲ್ಯೂರ್, ಹಾಗೆಯೇ ಹೆಸರು ಹೇಳಿ ಕೇಳಿ. ಹೂ ಬಾಡಿದ ಕೂಡಲೇ ಮಿಡಿಗೆ ಪೇಪರ್ ಸುತ್ತಿ. ಉದುರಿದ ಕಾಯಿಯನ್ನು ಅಲ್ಲೇ ಬಿಡಬೇಡಿ, ಅದರ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಹೆಕ್ಕಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ.

ಪ್ರಶ್ನೆ (ಕಾರ್ಕಳ): ಮಳೆಗಾಲದ ಬೆಂಡೆಗೆ ಬೀಜ ಯಾವಾಗ ಹಾಕುವುದು? ಊರಿನ ಬೆಂಡೆ ಬೀಜ ಎಲ್ಲಿ ಸಿಗುತ್ತದೆ?

ಉತ್ತರ: ಪತ್ತನಾಜೆ ಹೊತ್ತಿಗೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24–25ರ ಸುಮಾರಿಗೆ, ಏರಿ ಮಾಡಿ ಬೀಜ ಹಾಕಿ. ಜೋರು ಮಳೆ ಬರುವಾಗ ಗಿಡ ಗೇಣುದ್ದ ಆಗಿದ್ದರೆ ಕೊಳೆಯುವುದು ಕಮ್ಮಿ. ಬೀಜವನ್ನು ಈಗಲೇ ನೆರೆಕರೆಯವರಲ್ಲಿ ಕೇಳಿಡಿ. ಯಾರದ್ದಾದರೂ ಗಿಡದಲ್ಲಿ ಈಗ ಕಾಯಿ ಇದ್ದರೆ, ಎಲೆಯಲ್ಲಿ ಹಳದಿ ನರ ರೋಗ ಇಲ್ಲದ ಒಂದು ಗಿಡ ಆರಿಸಿ, ಮಧ್ಯದ ಎರಡು ಕಾಯಿ ಕೊಯ್ಯದೆ ಬಿಡಲು ಹೇಳಿ. ಗಿಡದಲ್ಲೇ ಒಣಗಿ ಬಿರಿಯಲು ಶುರುವಾದಾಗ ತೆಗೆದು, ನೆರಳಲ್ಲಿ ಆರಿಸಿ, ಒಲೆಬೂದಿ ಬೆರೆಸಿ ಬಾಟಲಿಯಲ್ಲಿಡಿ. ಎರಡು ಕಾಯಿಯ ಬೀಜ ನಿಮ್ಮ ಮನೆಗೆ ಧಾರಾಳ ಸಾಕು.